ಕುಳ್ಳೀರ ಕದ್ದ ಬೆಳಕು

ಒಂದಾನೊಂದು ಕಾಲದಲ್ಲಿ, ಈ ಊರಲ್ಲಲ್ಲ ಮಗಾ, ಅಗೋ ಅಷ್ಟು ಮೇಲೆ ಆಕಾಶದ ಬೀದೀಲಿ, ಕೆಂಚಮ್ಮ ಅಂತ ಒಬ್ಬ ನಕ್ಷತ್ರದ ಹೆಂಗಸು ಇದ್ದಳಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು, ಮೂವರೂ ಉಂಡೆ ಕಟ್ಟಿಟ್ಟ ಹಾಗೆ ಗುಂಡಗೆ. ದೊಡ್ಡವರಿಬ್ಬರು ದೂರದಲ್ಲಿ ತಮ್ಮ ಪಾಡಿಗೆ ತಾವು ಸುತ್ತುತಿದ್ದರಂತೆ. ಕೊನೇ ಮಗ ಕುಳ್ಳೀರ ಮಾತ್ರ ಅಮ್ಮನ ಸೆರಗು ಬಿಟ್ಟೋನಲ್ಲ. ಸೆರಗು ಹಿಡ್ಕೊಂಡು ಅವಳ ಸುತ್ತಾನೇ ಓಡೋದು, ಓಡ್ತಾ ಓಡ್ತಾ ಅಮ್ಮನ ಮುಖಾನೇ ನೋಡೋದು. ಕಾಲು ಆಡಿಸಬೇಡ, ಹೊದಿಕೆ ಜಾರತ್ತೆ.

ವಯಸ್ಸಾಗ್ತಾ ಆಗ್ತಾ ನಕ್ಷತ್ರದ ಹೆಂಗಸರು ಮೆಲ್ಲಗೆ ತಿರುಗಬೇಕು, ಅದು ಅಲ್ಲಿನ ರೂಢಿಯಂತೆ. ಹಿಂಗೆ ಸೆರಗು ಜಗ್ಗಿಕೊಂಡು ಓಡೋ ಮಗ ಇದ್ರೆ ಮೆಲ್ಲಗೆ ಹೆಂಗೆ ತಿರುಗ್ತಾಳೆ ಹೇಳು? ಬುಗುರಿ ಥರ ಗಿರ್ರನೆ ತಿರುಗೋಳಂತೆ. ತಿರುಗೀ ತಿರುಗೀ ಮೈ ಕಾದು, ಒಗ್ಗರಣೆ ಸಿಡಿದ ಹಾಗೆ ಚಟಪಟ ಕಿಡಿ ಹಾರೋದಂತೆ. ಒಂದೊಂದ್ಸಲ ಕುಳ್ಳೀರನ ಮಂಜಿನ ಕುಲಾವಿ ಅಂಚು ಸುಟ್ಟೇ ಹೋಗೋದು. ಆದ್ರೂ ಸೆರಗು ಬಿಟ್ನಾ? ನಿನ್ನ ಥರಾನೇ ಮೊಂಡ.

ಇನ್ನೊಂದು ರೂಢೀನೂ ಇತ್ತಂತೆ. ಹಿರೀ ಹೆಂಗಸಿನ ಮುಖ ಯಾರೂ ದಿಟ್ಟಿಸಿ ನೋಡಬಾರದು. ತಲೆ ತಗ್ಗಿಸಿ, ತಮ್ಮ ತಮ್ಮ ಅಂಗಳದಲ್ಲಿ ಬಿದ್ದ ಬೆಳಕು ನೋಡಿಯೇ ಕೆಂಚಮ್ಮ ಹೆಂಗಿದಾಳೆ ಅಂತ ತಿಳ್ಕೋಬೇಕು. ಮರ್ಯಾದೆ ಏನೋ ಸರಿ, ಆದ್ರೆ ಕಣ್ಣಿದ್ದೂ ಕುರುಡರ ಥರ ಬದುಕೋದು. ಕುಳ್ಳೀರ ಚಿಕ್ಕೋನು, ಅವನಿಗೆಲ್ಲಿ ಗೊತ್ತು ಈ ರೂಢಿ.

ಆಮೇಲೆ ಏನಾಯ್ತು, ಅಂಗಳದ ಬೆಳಕು ಆಗಾಗ ಮಂಕಾಗೋಕೆ ಶುರುವಾಯ್ತಂತೆ. ಮಂಕಾಗೋದು, ಮತ್ತೆ ಬೆಳಗೋದು, ಮತ್ತೆ ಮಂಕಾಗೋದು. ಪಕ್ಕದ ನಕ್ಷತ್ರ ಬೆಳ್ಳವ್ವ ಅಂತ ಇದ್ದಳು, ಬಾಯಿಗೆ ಬೀಗ ಇಲ್ಲದೋಳು. ಇನ್ಯಾರು, ಆ ಕುಳ್ಳೀರಾನೇ ಅಮ್ಮನ ಬೆಳಕು ಕದ್ದು ಕುಡೀತಿದಾನೆ ಅಂದುಬಿಟ್ಟಳಂತೆ. ಬೀದಿಗೆ ಬೀದೀನೇ ಅದೇ ಮಾತು. ಪಂಚಾಯ್ತಿ ಸೇರಿತು. ಆಕಾಶದ ಮೂಲೇಲಿ ಕೂತಿದ್ದ ಮುದಿ ನಕ್ಷತ್ರ ಮೂಲೆಯಜ್ಜ, ಅವನೇ ಯಜಮಾನ. ಕದ್ದಿದ್ದು ನಿಜವಾದ್ರೆ ಈ ಹುಡುಗನ್ನ ದೂರದ ಕತ್ತಲೆಗೆ ಅಟ್ಟಬೇಕು, ಅಲ್ಲಿ ಅಮ್ಮನೂ ಇಲ್ಲ ಬೆಳಕೂ ಇಲ್ಲ ಅಂದನಂತೆ.

ಮೊದಲು ದೊಡ್ಡ ಮಗನ್ನ ಕೇಳಿದ್ರು. ತಮ್ಮ ಕುಳ್ಳೀರ ಅಮ್ಮನ ಮುಂದೆ ಹಾದಾಗ ಚೂರು ಮಂಕಾಗತ್ತೆ, ಸುಳ್ಳು ಹೇಳಲಾರೆ ಅಂದನಂತೆ. ಆಮೇಲೆ ನಡುವಿನೋನ್ನ ಕೇಳಿದ್ರು, ಅವನೂ ಹಂಗೇ ಅಂದ. ಆಮೇಲೆ ಕೆಂಚಮ್ಮನ್ನ ಕೇಳಿದ್ರು. ಅವಳೇನು ಹೇಳ್ತಾಳೆ ಪಾಪ, ಆಕಾಶದಲ್ಲಿ ಕನ್ನಡಿ ಎಲ್ಲಿದೆ, ತನ್ನ ಮುಖ ತಾನೇ ಕಂಡೋಳಲ್ಲ. ನಂಗೊತ್ತಿಲ್ಲ ಅಜ್ಜ, ಕುಡಿದ್ರೂ ಕುಡೀಲಿ ಬಿಡಿ, ನನ್ನ ಮಗ ತಾನೇ ಅಂದಳಂತೆ. ಹೆತ್ತ ಕರುಳು ನೋಡು. ಆ ಮಾತೇ ಮುಳುವಾಯ್ತು. ಕೇಳಿದ್ರಾ, ತಾಯೀನೇ ಒಪ್ಕೊಂಡ್ಲು ಅಂತ ಬೆಳ್ಳವ್ವ ಕುಣಿದಳಂತೆ.

ಬಿಡೋ ಸೆರಗು ಅಂದ್ರು. ಕುಳ್ಳೀರ ಗೊಳೋ ಅಂತ ಅತ್ತ. ಮೂಲೆಯಜ್ಜನಿಗೆ ಕರುಳು ಚುರ್ ಅಂದು, ಹೋಗೋ ಮುಂಚೆ ಏನಾದ್ರೂ ಬೇಕೇನಪ್ಪ ಅಂತ ಕೇಳಿದನಂತೆ. ಕುಳ್ಳೀರ ಮೂಗು ಒರೆಸ್ಕೊಂಡು, ಒಂದೇ ಒಂದು ಸುತ್ತು ಬರ್ತೀನಿ ಅಜ್ಜ, ಅಮ್ಮನ ಕೆನ್ನೆ ಮೇಲಿನ ಕಪ್ಪು ಮಚ್ಚೆ ಇನ್ನೊಂದ್ಸಲ ನೋಡ್ಕೊಂಡು ಹೋಗ್ತೀನಿ ಅಂದನಂತೆ.

ಯಾವ ಮಚ್ಚೆ? ಎಲ್ಲರೂ ತಬ್ಬಿಬ್ಬು. ದೊಡ್ಡದೊಂದಿದೆ, ಚಿಕ್ಕವು ಒಂದಿಷ್ಟಿವೆ, ಅಮ್ಮ ತಿರುಗಿದ ಹಾಗೆ ಅವೂ ತಿರುಗಿ ಬರ್ತವೆ ಅಂದನಂತೆ ಕುಳ್ಳೀರ.

ಅಜ್ಜ ಯೋಚನೆ ಮಾಡಿ, ನೀನು ಅಮ್ಮನ ಬೆನ್ನ ಹಿಂದೆ ಹೋಗಿ ಬಚ್ಚಿಟ್ಕೋ, ನಾನು ಕೂಗೋವರೆಗೂ ಬರಬೇಡ ಅಂದ. ಕುಳ್ಳೀರ ಹೋದ, ಯಾರ ಕಣ್ಣಿಗೂ ಕಾಣಲಿಲ್ಲ. ಎಲ್ಲರೂ ಅಂಗಳ ನೋಡ್ತಾ ನಿಂತರಂತೆ. ಆಗ ಅಂಗಳ ಮಂಕಾಯ್ತು! ಮರ್ಯಾದೆ ಮನೆ ಹಾಳಾಗ ಅಂತ ಅಜ್ಜ ತಲೆ ಎತ್ತಿ ಕೆಂಚಮ್ಮನ ಮುಖ ನೋಡೇಬಿಟ್ಟ. ಕೆನ್ನೆ ಮೇಲೆ ದೋಸೆ ಸೀದ ಹಾಗೆ ಕರೀ ಮಚ್ಚೆ, ಈ ಕಡೆಯಿಂದ ಬಂತು, ಆ ಕಡೆ ಹೋಯ್ತು, ಅಂಗಳ ಮತ್ತೆ ಬೆಳಗಿತು.

ಅಜ್ಜ ಕುಳ್ಳೀರನ್ನ ಕೂಗಿ ಕರೆದ. ಮಚ್ಚೆ ಮುಂದೆ ಬಂದ್ರೆ ಮಂಕು, ಹಿಂದೆ ಹೋದ್ರೆ ಬೆಳಕು, ಅಷ್ಟೇ ಕಣ್ರೋ ಅಂದನಂತೆ ಅಜ್ಜ. ಈ ಮಗು ಮುಂದೆ ಹಾದಾಗ ಬೀಳೋದು ಅವನ ಪುಟ್ಟ ನೆರಳು, ನೆರಳು ಬಿದ್ದಿದ್ದಕ್ಕೆ ಕಳ್ಳ ಅಂತೀರಾ ಅಂತ ಬೈದನಂತೆ. ಬೆಳ್ಳವ್ವ ಸದ್ದಿಲ್ಲದೆ ಮನೆ ಸೇರಿದಳು.

ಅಬ್ಬಾ, ಕೆಂಚಮ್ಮನಿಗೆ ಹೋದ ಜೀವ ಬಂದ ಹಾಗಾಯ್ತು. ಅತ್ತಳಂತೆ, ನಕ್ಕಳಂತೆ, ಮಗನ್ನ ಹತ್ರ ಎಳ್ಕೊಂಡು ಕುಲಾವಿ ಸರಿಮಾಡಿದಳಂತೆ. ಆಮೇಲೆ ಆ ಬೀದೀಲಿ ಎಲ್ಲರೂ ಮುಖ ನೋಡಿಯೇ ಮಾತಾಡ್ತಾರಂತೆ. ಕೆಂಚಮ್ಮ ಈಗಲೂ ಗಿರ್ರನೆ ತಿರುಗ್ತಾಳೆ, ಈಗಲೂ ಸಿಡೀತಾಳೆ, ಯಾರೂ ತಲೆ ಕೆಡಿಸ್ಕೊಳಲ್ಲ.

ಅವತ್ತು ಅವಳು ಮಗನ್ನ ಕೇಳಿದಳಂತೆ, ಅಲ್ಲೋ ಕುಳ್ಳೀರ, ನನ್ನ ಮುಖದ ಮೇಲೆ ಕಲೆ ಇದೆ ಅಂತ ಮೊದಲೇ ಯಾಕೋ ಹೇಳಲಿಲ್ಲ? ಅದು ಕಲೇನಾ ಅಮ್ಮ, ಅಮ್ಮನ ಮುಖ ಅಂದ್ರೆ ಹಂಗೇ ಇರತ್ತೆ ಅಂದ್ಕೊಂಡಿದ್ದೆ ಅಂದನಂತೆ.

ಕುಳ್ಳೀರನಿಗೆ ನಿದ್ದೆ ಬಂತು, ನನ್ನ ಕತೆಯೂ ಮುಗೀತು, ಇನ್ನು ನೀನು ಕಣ್ಣು ಮುಚ್ಚು ನೋಡೋಣ.