ದೊರೆಯ ಕಂಪ್ಯೂಟರೂ ಚಿಕ್ಕತಾಯಮ್ಮನ ಮಿಲ್ಲೂ

ಒಂದು ಕಂಪ್ಯೂಟರಿಗೋಸ್ಕರ ಒಂದು ಊರಿನ ಹಿಟ್ಟಿನ ಮಿಲ್ಲೇ ನಿಂತುಹೋಯಿತು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಂಬದವರು ನಮ್ಮ ಕೊಪ್ಪಲಿಗೆ ಬನ್ನಿ, ಬಸ್ಸಿಳಿದು ಎದುರಿಗೆ ಸಿಕ್ಕವರನ್ನು ಕೇಳಿ. ಸುಳ್ಳು ಅಂತ ಒಬ್ಬನಾದರೂ ಹೇಳಿದರೆ ನಾನು ಅರ್ಧ ಮೀಸೆ ಬೋಳಿಸಿಕೊಂಡು ತಿರುಗುತ್ತೇನೆ.

ನಮ್ಮ ಕೊಪ್ಪಲಿನಲ್ಲಿ ದೊರೆಸ್ವಾಮಿ ಅಂತ ಒಬ್ಬ ಹೈದ. ಊರಿನವರ ಬಾಯಲ್ಲಿ ಬರೀ ದೊರೆ. ಪಂಪ್‌ಸೆಟ್ಟು ಕೆಟ್ಟರೆ ದೊರೆ, ಮಿಕ್ಸಿ ಕೆಟ್ಟರೆ ದೊರೆ, ಮೊಬೈಲು ನೀರಿಗೆ ಬಿದ್ದರೆ ದೊರೆ. ಸುತ್ತ ಹತ್ತೂರಿನಲ್ಲಿ ಅಂಥ ಕೈ ಇನ್ನೊಂದಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ದೊರೆಯೇ ಹೇಳುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಹೊಸ ಸಾಮಾನು ಏನೇ ಬರಲಿ, ಅದರ ಮೇಲಿನ ಪ್ಲಾಸ್ಟಿಕ್ ತೆಗೆಯಗೊಡುತ್ತಿರಲಿಲ್ಲ. ಟಿವಿ ರಿಮೋಟು ಪ್ಲಾಸ್ಟಿಕ್ಕಿನೊಳಗೇ ಇತ್ತು. ಬೈಕಿನ ಸೀಟಿನ ಮೇಲೆ ಷೋರೂಮಿನ ಹಾಳೆ ಹಾಗೇ ಇತ್ತು. ಹಿಂದೆ ಕೂತವರು ಹಂಪು ಬಂದಾಗಲೆಲ್ಲಾ ಜಾರಿ ಅವನ ಬೆನ್ನಿಗೆ ಬಂದು ಬೀಳುತ್ತಿದ್ದರು. ತೆಗಿಯೋ ಮಾರಾಯ ಅಂದರೆ, "ತೆಗೆದ್ರೆ ಹಳೇದಾಗೋಯ್ತದೆ" ಅನ್ನುತ್ತಿದ್ದ.

ಆ ವರ್ಷ ನಮ್ಮೂರ ಯುವಕರ ಸಂಘ ಕಬಡ್ಡಿ ಪಂದ್ಯಾವಳಿ ಇಟ್ಟುಕೊಂಡಿತು. ಫೈನಲ್ ಪಂದ್ಯವನ್ನು ಎಲ್ಲರ ಮೊಬೈಲಿಗೂ ಲೈವ್ ಬಿಡಬೇಕು ಅಂತ ಮಾತು ಬಂತು. ಸಂಘದ ಅಧ್ಯಕ್ಷ ಬೋರೇಶ, "ಮೈಸೂರಿಂದ ಲೈವ್ ಮಾಡೋರನ್ನ ಕರೆಸೋಣ" ಅಂದ.

"ಯಾಕ್ಲಾ? ನಾನೇನು ಸತ್ತೋಗಿದ್ದೀನಾ?" ಅಂದ ದೊರೆ. "ಕಂಪ್ಯೂಟರನ್ನ ನಾನೇ ಕಟ್ತೀನಿ. ಒಂದೊಂದು ಭಾಗನೂ ನನ್ನ ಕೈಯಾರೆ ಕೂರಿಸ್ತೀನಿ. ಎರಡು ಕ್ಯಾಮೆರಾ, ಕೆಳಗಡೆ ಸ್ಕೋರು, ನಂದೇ ಕಾಮೆಂಟ್ರಿ. ಟಿವಿಯೋರು ಬಂದು ನೋಡಿ ಕಲ್ತುಕೊಂಡು ಹೋಗ್ಬೇಕು, ಹಂಗ್ ಮಾಡ್ತೀನಿ."

ಕಟ್ಟಿಯೂ ಬಿಟ್ಟ. ತಾಲ್ಲೂಕು ಪೇಟೆಯ ಇಲಿಯಾಸ್ ಸಾಬರ ಅಂಗಡಿಯಿಂದ ಭಾಗಗಳನ್ನು ತಂದ. ಜೋಡಿಸುವುದು ಹೇಗೆ ಅಂತ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡ. ವಿಡಿಯೋದವನು ನಿಧಾನಕ್ಕೆ, ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದ. ದೊರೆಗೆ ಅಷ್ಟು ತಾಳ್ಮೆ ಎಲ್ಲಿ? "ಇದೆಲ್ಲಾ ಗೊತ್ತಿರೋದೇ" ಅಂತ ಬೆರಳಲ್ಲಿ ತಳ್ಳಿ ತಳ್ಳಿ ಮುಂದಕ್ಕೆ ಓಡಿಸಿದ.

ಕಂಪ್ಯೂಟರಿನ ಮಿದುಳು ಅಂದರೆ ಒಂದು ಬಿಲ್ಲೆಯಂಥ ಚಿಪ್ಪು. ಕೆಲಸ ಹೆಚ್ಚಾದಷ್ಟೂ ಅದು ಕಾಯುತ್ತದೆ. ಆ ಬಿಸಿಯನ್ನು ಎಳೆದುಕೊಳ್ಳಲು ಅದರ ಮೇಲೆ ಒಂದು ಲೋಹದ ಗಟ್ಟಿ, ಗಟ್ಟಿಯ ಮೇಲೊಂದು ಫ್ಯಾನು. ಇದಕ್ಕೆ ಕೂಲರ್ ಅನ್ನುತ್ತಾರೆ. ಕೂರಿಸುವುದು ನಾಜೂಕಿನ ಕೆಲಸ. ದೊರೆ ಕೂರಿಸಿದ, ಸ್ಕ್ರೂ ಬಿಗಿದ, ಮೀಸೆ ತಿರುವಿದ. ಸಂಜೆ ಗುಂಡಿ ಒತ್ತಿದರೆ ಮೊದಲ ಸಲಕ್ಕೇ ನೀಲಿ ದೀಪ ಹತ್ತಿತು, ಪರದೆ ಬೆಳಗಿತು. ಕಂಪ್ಯೂಟರಿನ ಡಬ್ಬಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಹೆಚ್ಚಿ, ಬೀದಿಯವರನ್ನೆಲ್ಲಾ ಕರೆದು ತೋರಿಸಿದ.

ಮಾರನೇ ದಿನ ಹುಡುಗರನ್ನು ಅಂಕಣಕ್ಕಿಳಿಸಿ ಲೈವ್ ಪರೀಕ್ಷೆ ಮಾಡಿದ. ಕಬಡ್ಡಿ ಕಬಡ್ಡಿ ಅನ್ನುತ್ತಾ ಒಳಹೊಕ್ಕವನು ತಿರುಗಿ ಗೆರೆ ಮುಟ್ಟುವ ಮೊದಲೇ ಪರದೆ ಕಪ್ಪಾಯಿತು. ಡಬ್ಬಿ ಸತ್ತು ಕೂತಿತು. ಸ್ವಲ್ಪ ಹೊತ್ತು ಬಿಟ್ಟು ಗುಂಡಿ ಒತ್ತಿದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಎದ್ದಿತು. ಮತ್ತೆ ಲೈವ್ ಹಾಕಿದರೆ ಮತ್ತೆ ಸತ್ತಿತು.

"ವಿಂಡೋಸ್ ಸರಿಯಿಲ್ಲ" ಅಂದ ದೊರೆ. ಎಲ್ಲಾ ಅಳಿಸಿ ಹೊಸದಾಗಿ ಹಾಕಿದ. ಸತ್ತಿತು.

"ಇಲಿಯಾಸಣ್ಣ ಕೊಟ್ಟಿರೋ ಸಾಮಾನೇ ಡೂಪ್ಲಿಕೇಟು" ಅಂದ. ಡಬ್ಬಿಯನ್ನು ಪೇಟೆಗೆ ಹೊತ್ತ. ಇಲಿಯಾಸ್ ಸಾಬರು ಬೇಜಾರು ಮಾಡಿಕೊಳ್ಳದೆ ಕರೆಂಟು ಹಂಚುವ ಪೆಟ್ಟಿಗೆ ಬದಲಾಯಿಸಿದರು, ಮೆಮೊರಿ ಕಡ್ಡಿ ಬದಲಾಯಿಸಿದರು. ಆಮೇಲೆ ಕೇಳಿದರು: "ತಮ್ಮಾ, ಈ ಕೂಲರ್ ಒಂದ್ಸಲ ಬಿಚ್ಚಿ ನೋಡ್ಲಾ?"

"ಅದನ್ನ ಮಾತ್ರ ಮುಟ್ಬೇಡಿ ಇಲಿಯಾಸಣ್ಣ. ಅದು ನಾನು ಕೂರಿಸಿರೋದು. ನೀವು ನಿಮ್ಮ ಸಾಮಾನು ನೋಡ್ಕೊಳ್ಳಿ."

"ಸರಿಯಪ್ಪಾ, ನಿನ್ನ ಡಬ್ಬಿ, ನಿನ್ನಿಷ್ಟ" ಅಂದು ಅವರು ಮುಚ್ಚಿ ಕೊಟ್ಟರು. ಊರಿಗೆ ತಂದು ಲೈವ್ ಹಾಕಿದ. ಸತ್ತಿತು.

ಇಷ್ಟರಲ್ಲಿ ಒಂದು ಸಂಜೆ ಡಬ್ಬಿ ಸತ್ತ ಗಳಿಗೆಯಲ್ಲೇ ಮನೆಯ ಬಲ್ಬು ಮಂಕಾಯಿತು. ಹಿಂದಿನ ಬೀದಿಯಲ್ಲಿ ಚಿಕ್ಕತಾಯಮ್ಮನ ಹಿಟ್ಟಿನ ಮಿಲ್ಲು ಗುರ್ರ್ ಅಂತ ಶುರುವಾಗಿತ್ತು. ದೊರೆ ತೊಡೆ ತಟ್ಟಿ ಎದ್ದ. "ಸಿಕ್ದ ಕಳ್ಳ!"

ಮಿಲ್ಲನ್ನು ಒಂದು ಗಳಿಗೆ ನಿಲ್ಲಿಸಲು ಹೇಳಿ, ಕಂಪ್ಯೂಟರಿನಲ್ಲಿ ಒಂದು ಸಿನಿಮಾ ಹಾಡು ಹಾಕಿದ. ಸಾಯಲಿಲ್ಲ. ಹಾಡು ಕೇಳಿಸುವುದು ಅದಕ್ಕೊಂದು ಕೆಲಸವೇ ಅಲ್ಲ; ಮಿಲ್ಲು ಓಡುತ್ತಿದ್ದರೂ ಹಾಡು ಹಾಡುತ್ತಿತ್ತು. ಅದನ್ನು ಯಾರು ಯೋಚಿಸಬೇಕು? ದೊರೆ ಸಂಘಕ್ಕೆ ಹೋಗಿ ಕೈ ಎತ್ತಿ ಹೇಳಿದ: "ಮಿಲ್ಲು ಕರೆಂಟು ಎಳೀತದೆ, ಅದಕ್ಕೇ ನನ್ನ ಕಂಪ್ಯೂಟರು ಸಾಯ್ತದೆ. ಫೈನಲ್ ಮುಗಿಯೋಗಂಟ ಮಿಲ್ಲು ನಿಲ್ಬೇಕು."

ಬೋರೇಶ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಿ ಚಿಕ್ಕತಾಯಮ್ಮನಿಗೆ ಹೇಳಿದ. ಆ ಮಿಲ್ಲು ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. ಗಂಡ ಹೋದ ಮೇಲೆ ಬೆಲ್ಟು ಹಾಕುವುದರಿಂದ ಹಿಡಿದು ಸವೆದ ಬೀಸುವ ಕಲ್ಲಿಗೆ ಹಲ್ಲು ಕುಟ್ಟುವವರೆಗೆ ಎಲ್ಲಾ ತಾನೇ ಕಲಿತು ನಡೆಸಿದವಳು.

"ಊರು ಹಿಟ್ಟುಂಡು ಬದುಕ್ತದೆ ಕಣಪ್ಪಾ, ಕಬಡ್ಡಿ ಉಂಡಲ್ಲ" ಅಂದಳು.

"ಊರ ಮರ್ವಾದೆ ಪ್ರಶ್ನೆ ಕಣಕ್ಕಾ" ಅಂದ ಬೋರೇಶ.

ಊರೆಲ್ಲಾ ಒಂದು ಕಡೆ ನಿಂತರೆ ಒಬ್ಬ ಹೆಂಗಸು ಏನು ಮಾಡಿಯಾಳು? ಸ್ವಿಚ್ಚು ಆರಿಸಿದಳು. ರಾಗಿ ಚೀಲಗಳು ಬೈಕು ಹತ್ತಿ ಪಕ್ಕದೂರಿನ ಮಿಲ್ಲಿಗೆ ಹೋಗತೊಡಗಿದವು. ಅಲ್ಲಿಯವನು ಜಾಣ, ಹೋದವರಿಗೆಲ್ಲಾ ಕುರ್ಚಿ ಹಾಕಿ ಟೀ ಕೊಟ್ಟ. ಹಾಗೆ ಹೋದ ಗಿರಾಕಿ ಫೈನಲ್ ಮುಗಿಯಿತು ಅಂತ ತಿರುಗಿ ಬರುತ್ತದೆಯೇ? ಚಿಕ್ಕತಾಯಮ್ಮ ಮುಚ್ಚಿದ ಮಿಲ್ಲಿನ ಮೆಟ್ಟಿಲ ಮೇಲೆ ಕೂತು, ಮುಂದೆ ಹಾದುಹೋಗುವ ಚೀಲಗಳನ್ನು ನೋಡುತ್ತಿದ್ದಳು.

ಫೈನಲಿನ ಹಿಂದಿನ ದಿನ ಬೆಳಿಗ್ಗೆ ಪೂರ್ತಿ ತಯಾರಿಯ ಪರೀಕ್ಷೆ. ಎರಡು ಕ್ಯಾಮೆರಾ, ಸ್ಕೋರು, ಕಾಮೆಂಟ್ರಿ. ಮಿಲ್ಲು ಗಪ್‌ಚುಪ್. ದೊರೆ ಮೈಕು ಹಿಡಿದು, "ನಮಸ್ಕಾರ ಕರ್ನಾಟಕಾ..." ಅಂದ. ಡಬ್ಬಿ ಸತ್ತಿತು.

ಬೋರೇಶ ಕೇಳಿದ: "ಈಗ ಯಾವ ಮಿಲ್ಲು ಓಡ್ತಿತ್ತು ದೊರೆ?"

"ಪಕ್ಕದೂರಿಂದು" ಅಂದ ದೊರೆ.

ಹುಡುಗರು ನೆಲಕ್ಕೆ ಬಿದ್ದು ನಕ್ಕರು. ಬೋರೇಶ ನಗಲಿಲ್ಲ. "ಮೈಸೂರಿಗೆ ಫೋನ್ ಮಾಡ್ತೀನಿ" ಅಂತ ಜೇಬಿಗೆ ಕೈ ಹಾಕಿದ. ಆಗ ಜನರ ಹಿಂದಿನಿಂದ ಚಿಕ್ಕತಾಯಮ್ಮ ಮುಂದೆ ಬಂದಳು.

"ಏನಪ್ಪಾ ದೊರೆ, ಸಾಬರ ಸಾಮಾನು ಬದಲಾಯ್ಸಿದ್ದಾಯ್ತು. ನನ್ನ ಮಿಲ್ಲು ನಿಲ್ಸಿದ್ದಾಯ್ತು. ಈ ಡಬ್ಬೀಲಿ ನಿನ್ನ ಕೆಲಸ ಅಂತ ಏನಾರ ಐತಾ ಇಲ್ವಾ?"

"ಏನಕ್ಕಾ ಹಂಗಂತೀಯ? ಪೂರ್ತಿ ನಾನೇ ಕಟ್ಟಿದ್ದು!"

"ಮತ್ತೆ ಅದನ್ನ ಯಾವತ್ತು ಬಿಚ್ಚಿ ನೋಡ್ದೆ?"

ದೊರೆಯ ಕಿವಿ ಕೆಂಪಾಯಿತು. ಇಷ್ಟು ಜನರ ಎದುರು ಅವನ ಕೈಕೆಲಸವನ್ನೇ ಪ್ರಶ್ನಿಸಿದ್ದಳು. "ನನ್ನ ಕೈಕೆಲಸದಲ್ಲಿ ಕೂದಲೆಳೆಯಷ್ಟು ತಪ್ಪು ಸಿಕ್ಲಿ" ಅಂತ ಗುಡುಗಿದ, "ಪಕ್ಕದೂರಿಗೆ ಹೋಗ್ತಾ ಇರೋ ರಾಗಿ ಚೀಲನೆಲ್ಲಾ ಮನೆಮನೆಯಿಂದ ನಾನೇ ತಲೆ ಮೇಲೆ ಹೊತ್ತು ನಿನ್ನ ಮಿಲ್ಲಿಗೆ ತಂದಾಕ್ತೀನಿ!"

"ಎಲ್ರೂ ಕೇಳಿಸ್ಕೊಂಡ್ರಾ?" ಅಂದಳು ಚಿಕ್ಕತಾಯಮ್ಮ.

ಕೇಳಿಸಿಕೊಂಡಿದ್ದರು. ದೊರೆ ಸ್ಕ್ರೂಡ್ರೈವರ್ ತೆಗೆದ. ತಪ್ಪು ಹುಡುಕಲು ಅಲ್ಲ, ತಪ್ಪಿಲ್ಲ ಅಂತ ತೋರಿಸಲು. ಕೂಲರ್ ಬಿಚ್ಚಿ, ಬಹುಮಾನದ ಕಪ್ಪು ಎತ್ತಿದ ಹಾಗೆ ಮೇಲೆತ್ತಿ, ಅದರ ತಳವನ್ನು ಜನರ ಕಡೆ ತಿರುಗಿಸಿದ. "ನೋಡ್ರಲಾ! ಕನ್ನಡಿ ಇದ್ದಂಗಿಲ್ವಾ?"

ಕನ್ನಡಿ ಇದ್ದ ಹಾಗೇ ಇತ್ತು. ಬೋರೇಶ ಕಣ್ಣು ಕಿರಿದು ಮಾಡಿ ಹತ್ತಿರ ಬಂದ. ತಳಕ್ಕೆ ಹೆಬ್ಬೆಟ್ಟಿನಗಲದ ಒಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿತ್ತು. ಅದರ ಮೇಲೆ ಇಂಗ್ಲಿಷಿನಲ್ಲಿ ಕೆಂಪಕ್ಷರ. ಬೋರೇಶ ಕನ್ನಡದಲ್ಲಿ ಬಿಡಿಸಿ ಹೇಳಿದ: "ಕೂರಿಸುವ ಮೊದಲು ಇದನ್ನು ಕಿತ್ತು ಹಾಕಿ."

"ಅದು... ಹೊಸದಲ್ವಾ" ಅಂದ ದೊರೆ. "ಗೀರು ಬೀಳ್ಬಾರ್ದು ಅಂತ ಹಂಗೇ ಬಿಟ್ಟಿದ್ದೆ."

"ಅಯ್ಯೋ ನನ್ ಮಗನೇ" ಅಂದಳು ಚಿಕ್ಕತಾಯಮ್ಮ. "ಬೈಕ್ ಸೀಟು ಸಾಲ್ದು ಅಂತ ಇದಕ್ಕೂ ಹೊದಿಸಿದ್ಯಾ?"

ನಡೆದದ್ದು ಇಷ್ಟೇ. ಚಿಪ್ಪಿನ ಬಿಸಿ ಲೋಹಕ್ಕೆ ದಾಟಬೇಕು. ನಡುವೆ ಪ್ಲಾಸ್ಟಿಕ್ ಅಡ್ಡ ಮಲಗಿತ್ತು. ಹಾಡು ಹಾಕಿದರೆ ಬಿಸಿ ಕಡಿಮೆ, ಹೇಗೋ ತಡೆದುಕೊಳ್ಳುತ್ತಿತ್ತು. ಲೈವ್ ಹಾಕಿದರೆ ಕಾದು ಕಾದು, ಸುಟ್ಟುಹೋಗುವ ಮೊದಲು ತಾನೇ ಆರಿಹೋಗುತ್ತಿತ್ತು. ಕೆಟ್ಟ ಸಾಮಾನು ಒಂದೂ ಇರಲಿಲ್ಲ.

ದೊರೆ ಹಾಳೆ ಕಿತ್ತ. ಚಿಪ್ಪಿನ ಮೇಲೆ ಬಿಸಿ ದಾಟಿಸುವ ಮುಲಾಮು ಹಚ್ಚಿ ಕೂಲರನ್ನು ಮತ್ತೆ ಕೂರಿಸಿದ. ಲೈವ್ ಹಾಕುವ ಮೊದಲು ತಲೆ ಎತ್ತದೆ ಹೇಳಿದ: "ಅಕ್ಕಾ, ಹೋಗಿ ಮಿಲ್ಲು ಹಾಕು." ಮಿಲ್ಲು ಗುರ್ರ್ ಅಂದಿತು. ಬಲ್ಬು ಮಂಕಾಯಿತು. ಹುಡುಗರು ಎರಡು ಪೂರ್ತಿ ಆಟ ಆಡಿ ಸುಸ್ತಾದರು. ಡಬ್ಬಿ ಸಾಯಲಿಲ್ಲ.

ಆಡಿದ ಮಾತು ಆಡಿದ್ದೇ. ನಮ್ಮ ಕೊಪ್ಪಲಿನ ಗಂಡಸು ಮಾತಿಗೆ ತಪ್ಪುವವನಲ್ಲ. ಅವತ್ತೇ ದೊರೆ ತಲೆಗೆ ಸಿಂಬೆ ಸುತ್ತಿಕೊಂಡು ಮನೆಮನೆಗೆ ಹೊರಟ. ಬಾಗಿಲಿಗೆ ಹೋದರೆ ರಾಗಿ ಚೀಲಕ್ಕಿಂತ ಮೊದಲು ಪ್ರಶ್ನೆ ಬರುತ್ತಿತ್ತು: "ಏನಾಗಿತ್ತಂತೆ ದೊರೆ?"

ಮೊದಲ ಮನೆಯಲ್ಲಿ, "ಅದೊಂದು ಟೆಕ್ನಿಕಲ್ ಸಮಸ್ಯೆ, ನಿಮಗೆ ಗೊತ್ತಾಗಲ್ಲ" ಅಂದ. ಅಲ್ಲಿಂದ ಮುಂದೆ, "ಕಂಪ್ನಿಯೋರು ಒಂದು ಹಾಳೆ ಅಂಟ್ಸಿದ್ರು" ಅಂದ. ಬಿಸಿಲು ಏರಿತು, ಚೀಲ ಭಾರವಾಯಿತು, ಮಾತು ಚಿಕ್ಕದಾಯಿತು. ಕೊನೆಯ ಬೀದಿಗೆ ಬರುವ ಹೊತ್ತಿಗೆ, "ಪ್ಲಾಸ್ಟಿಕ್ ಕೀಳ್ದೆ ಕೂರಿಸಿದ್ದೆ ಕಣವ್ವಾ. ಮಿಲ್ಲಿಂದೇನೂ ತಪ್ಪಿರ್ಲಿಲ್ಲ. ಚೀಲ ಕೊಡು" ಅಂದ. ಅಷ್ಟು ಹೇಳಿದ ಮೇಲೆ ಜನ ಪ್ರಶ್ನೆ ನಿಲ್ಲಿಸಿ ಚೀಲ ಕೊಟ್ಟರು. ಪಕ್ಕದೂರಿನ ಟೀ ಕುಡಿದವರೂ ಕೊಟ್ಟರು.

ನಡುವೆ ಇಲಿಯಾಸ್ ಸಾಬರಿಗೂ ಫೋನು ಮಾಡಿ ಹೇಳಿದ. ಅವರು ಬಹಳ ಹೊತ್ತು ನಕ್ಕರು. "ಅದನ್ನ ಮಾತ್ರ ಮುಟ್ಬೇಡಿ ಅಂತ ನೀನೇ ಅಂದಿದ್ದೆ ಅಲ್ವಾ ತಮ್ಮಾ?" ಅಂದರು.

ಫೈನಲ್ ಮೊದಲಿಂದ ಕಡೆವರೆಗೂ ಲೈವ್ ಹೋಯಿತು. ದೊರೆಯ ಕಾಮೆಂಟ್ರಿ ಹಿಂದೆ ಚಿಕ್ಕತಾಯಮ್ಮನ ಮಿಲ್ಲಿನ ಸದ್ದೂ ಹೋಯಿತು. ನಮ್ಮೂರು ಸೋತಿತು. ಬೋರೇಶ ಟವೆಲ್ಲು ಬಿಸಾಡಿ, "ರೆಫರಿ ಸರಿಯಿಲ್ಲ ಕಣ್ಲಾ!" ಅಂದ.

ದೊರೆ ಪರದೆಯನ್ನು ಅವನ ಕಡೆ ತಿರುಗಿಸಿದ. "ರೆಕಾರ್ಡ್ ಐತೆ ಬಾ. ಮೊದ್ಲು ನಮ್ಮ ರೈಡು ನೋಡೋಣ."

ಸಂಘದವರು ಶಾಲು ಹೊದಿಸುತ್ತಾರೆ ಅಂತ ದೊರೆ ಹೊಸ ಷರಟು ಹಾಕಿಕೊಂಡು ಬಂದಿದ್ದ. ಸೋತ ಬೇಜಾರಿನಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಮನೆಗೆ ಹೋಗುವಾಗ ಚಿಕ್ಕತಾಯಮ್ಮ ಮಿಲ್ಲಿನ ಬಾಗಿಲಿಂದ ಕೂಗಿದಳು. ಅವಳ ಮಿಲ್ಲಿನಲ್ಲಿ ಒಂದು ನಡವಳಿಕೆ: ಚೀಲ ಹೊತ್ತು ತಂದವರು ಯಾರೇ ಆಗಲಿ, ಬರಿಗೈಯಲ್ಲಿ ಹೋಗುವ ಹಾಗಿಲ್ಲ.

ದೊರೆಗೆ ಕೊನೆಗೆ ಸಿಕ್ಕಿದ್ದು ಒಂದು ಸೇರು ರಾಗಿ ಹಿಟ್ಟು. ಬೀಸಿದ ಬಿಸಿ ಇನ್ನೂ ಆರಿರಲಿಲ್ಲ.

ನೀತಿ: ತಪ್ಪು ಹುಡುಕಲು ಹೊರಟವನು ತನ್ನ ಕೈಯಾರೆ ಮಾಡಿದ ಕೆಲಸವನ್ನೇ ಮೊದಲು ಬಿಚ್ಚಿ ನೋಡಬೇಕು. ಅದೊಂದನ್ನು ಬಿಟ್ಟು ಊರೆಲ್ಲಾ ಹುಡುಕಿದರೆ, ತಪ್ಪು ಸಿಗುವುದರೊಳಗೆ ಯಾರದೋ ಅನ್ನ ನಿಂತುಹೋಗಿರುತ್ತದೆ.