ಮೀಸಲು ಕಾಯಿ

ಪೂಜ್ಯ ಮರುಳಯ್ಯಜ್ಜನವರು ಹಳ್ಳದ ದಂಡೆಯ ಮಣ್ಣಿನ ಮಠದಲ್ಲಿ ವಾಸವಾಗಿದ್ದ ಕಾಲ. ಒಂದು ಕಂಬಳಿ, ಒಂದು ಜೋಳಿಗೆ, ಒಂದು ಊರುಗೋಲು, ಇಷ್ಟೇ ಅವರ ಸಂಸಾರ. ಸರ್ವಸಂಗ ಪರಿತ್ಯಾಗಿಗಳಾದ ಅವರಿಗೆ ಬಿಡಲಾಗದೆ ಉಳಿದದ್ದು ಒಂದೇ, ಬದನೆಕಾಯಿಯ ಎಣಗಾಯಿ ಪಲ್ಯ. ಮಹಾತ್ಮರ ಈ ಲೀಲೆಯನ್ನು ಮುಚ್ಚಿಟ್ಟರೆ ಕತೆ ಮುಂದೆ ಸಾಗುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಅದೇ ಊರಿನ ಅಂದಾನೆಪ್ಪ ಬೆಳೆಯುತ್ತಿದ್ದ ಬದನೆಕಾಯಿಗೆ ಸುತ್ತಲಿನ ಸಂತೆಗಳಲ್ಲೆಲ್ಲ ಹೆಸರಿತ್ತು. ಅವನ ಅಪ್ಪ ಉಳಿಸಿಕೊಟ್ಟ ತಳಿ. ಗುಂಡಗಿನ, ಬಿಳಿಗೆರೆಯ, ಬೆಣ್ಣೆಯಂತೆ ಬೇಯುವ ಕಾಯಿ. ಭಕ್ತಿವಂತನಾದ ಅಂದಾನೆಪ್ಪ ಪ್ರತಿ ಸೋಮವಾರ ಹೊಲವನ್ನೆಲ್ಲ ಸುತ್ತಿ, ಇದ್ದುದರಲ್ಲೇ ಚೆಂದದ ಕಾಯಿಗಳನ್ನು ಆರಿಸಿ ಮಠಕ್ಕೆ ಮೀಸಲು ತರುತ್ತಿದ್ದ. ಹತ್ತು ವರ್ಷ ಹೀಗೇ ನಡೆಯಿತು. ಆದರೆ ವರ್ಷದಿಂದ ವರ್ಷಕ್ಕೆ ಕಾಯಿ ಸಣ್ಣದಾಯಿತು, ಸೊಟ್ಟಗಾಯಿತು, ಕಹಿಯೂ ಆಯಿತು.

ಒಂದು ಸೋಮವಾರ ಅವನು ಬುಟ್ಟಿಯನ್ನು ಅಜ್ಜನವರ ಮುಂದೆ ಕುಕ್ಕಿ, ನಮಸ್ಕಾರವನ್ನೂ ಮರೆತು ನಿಂತ.

“ಅಜ್ಜಾರ, ನಿಮ್ಮ ದೇವರಿಗೆ ಕಣ್ಣಿಲ್ಲ ಬಿಡ್ರಿ! ಹತ್ತು ವರ್ಷ ಚಲೋ ಚಲೋ ಕಾಯಿ ಆರಿಸಿ ತಂದುಕೊಟ್ಟೆ. ನಿನ್ನೆ ಸಂತ್ಯಾಗ ನನ್ನ ಕಾಯಿ ದನಾನೂ ಮೂಸಲಿಲ್ಲ. ಅಪ್ಪನ ತಳಿ ನನ್ನ ಕೈಯಾಗ ಸಾಯಾಕತ್ತೈತಿ. ಹೊಲಕ್ಕೆಲ್ಲಾ ಒಂದೇ ಗಿಡ ಹಿಂದಿನಂಗ ಐತಿ. ಅದರ ಕಾಯೀನೂ ನಿಮಗೇ ತಂದೀನಿ,” ಎಂದವನೇ ಅತ್ತುಬಿಟ್ಟ.

ಅಜ್ಜನವರು ಆಗ ಪ್ರಸಾದಕ್ಕೆ ಕುಳಿತಿದ್ದರು. “ಬೀಜಕ್ಕ ಯಾವ ಕಾಯಿ ಬಿಡ್ತೀಯೋ ತಮ್ಮಾ?” ಎಂದರು.

“ಚಲೋವು ನಿಮಗ, ನಡುತರದವು ಸಂತಿಗಿ. ಯಾರಿಗೂ ಬ್ಯಾಡಾದ ಸೊಟ್ಟ, ಹುಳಕು ಗಿಡದಾಗ ಉಳಿದು ಹಣ್ಣಾಕ್ಕಾವಲ್ರಿ, ಅವನ್ನ.”

ಅಜ್ಜನವರು ರೊಟ್ಟಿಯ ತುತ್ತನ್ನು ತಾಟಿಗೆ ಮರಳಿಸಿದರು. ತಾಟಿನಲ್ಲಿದ್ದುದೂ ಎಣಗಾಯಿಯೇ.

“ದೇವರದೇನೂ ತಪ್ಪಿಲ್ಲಪಾ. ನಿಮ್ಮಪ್ಪನ ತಳಿ ತಿಂದು ತೇಗಿದಾಂವ ನಾನು. ಆ ಗಿಡದಾಗ ಇನ್ನೊಂದು ಕಾಯಿ ಐತೇನು?”

“ಒಂದು ಮಿಡಿ ಐತ್ರಿ. ಮುಂದಿನ ಸೋಮವಾರ ನಿಮಗಂತ...”

“ಮುಟ್ಟೀ ಮತ್ತ!”

ಎಂದೂ ದನಿಯೇರಿಸದ ಮಹಾತ್ಮರು ಅಂದು ಹಾಗೆ ಗದರಿದರು. ಅರ್ಧ ಊಟದಲ್ಲೇ ಎದ್ದು, ಕೋಲೂರಿಕೊಂಡು ಹೊಲಕ್ಕೆ ನಡೆದರು. ತಾವು ಹೊದ್ದ ಕಾವಿಯ ಅಂಚು ಹರಿದು ಆ ಮಿಡಿಯ ತೊಟ್ಟಿಗೆ ಕಟ್ಟಿದರು.

“ಇದು ಮೀಸಲು. ನನಗಲ್ಲ, ಬೀಜಕ್ಕ. ಹಳದಿ ಹಣ್ಣಾಗೂ ತನಕ ಗಿಡದಾಗ ಇರಲಿ. ಇನ್ನ ಮ್ಯಾಲೆ ಸೊಟ್ಟ ಕಾಯಿ ಮಠಕ್ಕ, ಸೊಟ್ಟ ಕಾಯಿ ಬಿಟ್ಟ ಗಿಡ ತಿಪ್ಪಿಗಿ.”

ಕಾವಿ ಕಂಡ ದಾರಿಹೋಕರು ಬದನೆಗಿಡಕ್ಕೆ ಅಡ್ಡಬೀಳತೊಡಗಿದರು. ಅಂದಾನೆಪ್ಪನ ಹೆಂಡತಿ ನಾಗವ್ವ, “ಬಗ್ಗೇ ಬಗ್ಗೀರಿ, ಹಂಗೇ ನಾಕು ಕಳೆ ಕಿತ್ತು ಹೋಗ್ರಿ,” ಎನ್ನುತ್ತಿದ್ದಳು.

ಆ ಒಂದು ಹಣ್ಣಿನ ಬೀಜದಿಂದ ಮರುವರ್ಷದ ಸಸಿಗಳಾದವು. ಅವುಗಳಲ್ಲೂ ತಾಯಿಗಿಡವನ್ನು ಹೋಲದವು ಬೇಕಾದಷ್ಟಿದ್ದವು. ಅಂದಾನೆಪ್ಪ ಅವನ್ನೆಲ್ಲ ಕೀಳುತ್ತ ಬಂದ. ಸೋಮವಾರ ಬಂತೆಂದರೆ ಮಾತ್ರ ಅವನಿಗೆ ನಾಚಿಕೆ. ಸೊಟ್ಟ ಕಾಯಿಯ ಬುಟ್ಟಿಗೆ ಟವೆಲ್ ಮುಚ್ಚಿ ತಲೆ ತಗ್ಗಿಸಿ ಮಠಕ್ಕೆ ಹೋಗುತ್ತಿದ್ದ. “ಅಜ್ಜಾರಿಗೆ ಇಂಥಾವ ಕೊಡ್ತೀಯೇನೋ?” ಎಂದು ಊರೆಲ್ಲ ಛೀಮಾರಿ ಹಾಕಿತು. ಅಜ್ಜನವರು ಮೂರು ವರ್ಷ ಆ ಕಹಿಯನ್ನು ಮುಖ ಕಿವುಚದೆ ಸ್ವೀಕರಿಸಿದರು. ಕಿವುಚಿದ್ದನ್ನು ಕಂಡವರೂ ಒಬ್ಬಿಬ್ಬರಿದ್ದಾರೆ.

ನಾಲ್ಕನೆಯ ವರ್ಷದ ಒಂದು ಸೋಮವಾರ ಅಂದಾನೆಪ್ಪ ಖಾಲಿ ಬುಟ್ಟಿ ಹಿಡಿದು ಬಂದು ಅಜ್ಜನವರ ಪಾದಕ್ಕೆ ಬಿದ್ದ.

“ತಪ್ಪಾತ್ರಿ ಅಜ್ಜಾರ. ಮುಂಜಾನಿಂದ ಹೊಲ ಎಲ್ಲಾ ಹುಡುಕಿದೆ. ನಿಮಗ ಕೊಡಾಕ ಒಂದೂ ಸೊಟ್ಟ ಕಾಯಿ ಸಿಗಲಿಲ್ಲ.”

ಅಜ್ಜನವರ ಕಣ್ಣು ತುಂಬಿ ಬಂತು. “ಬೀಜಕ್ಕ ಬಿಟ್ಟೀಯೇನು?”

“ಎಲ್ಲಾಕ್ಕಿಂತ ಚಲೋವು ಇಪ್ಪತ್ತು, ತೊಟ್ಟಿಗಿ ಬಟ್ಟಿ ಕಟ್ಟೀನ್ರಿ. ಊರಾಗ ಯಾರು ಕೇಳಿದ್ರೂ ಬೀಜ ಕೊಡ್ತೀನಿ.”

“ಹಂಗಾರ ಇಲ್ಲಿ ಯಾಕ ಬಿದ್ದೀ? ಉಳಿದದ್ದರಾಗ ನಾಕು ಹರಕೊಂಡು ಬಾ, ಓಡು. ಒಲಿ ಮ್ಯಾಲೆ ಎಣ್ಣಿ ಇಟ್ಟಿರ್ತೀನಿ.”

ದೇವರಿಗೆ ಕಣ್ಣಿಲ್ಲವೆಂದಿದ್ದ ಆ ಭಕ್ತ ಕಣ್ಣೊರೆಸಿಕೊಳ್ಳುತ್ತ, ನಗುತ್ತ, ಬುಟ್ಟಿಯನ್ನು ಮಠದಲ್ಲೇ ಮರೆತು ಓಡಿದ.