ಮೂಗವ್ವನ ಗುಡ್ಡ

ನಮ್ಮ ಹಿರೇಕಣವಿಯ ಮೂಡಲಿಗಿರುವ ಕಲ್ಲುಗುಡ್ಡಕ್ಕೆ ಮೂಗವ್ವನ ಗುಡ್ಡ ಎಂದು ಹೆಸರು. ನೆತ್ತಿಯಲ್ಲಿ ಒಂದು ಬನ್ನಿಮರ, ಬುಡದಲ್ಲಿ ಕುಂಕುಮ ಹಚ್ಚಿದ ಗುಂಡುಕಲ್ಲು, ಕೊಂಬೆಗೆ ಸುತ್ತಿದ ದನ ಕಟ್ಟುವ ಹಗ್ಗ. ಮಾತು ಬಾರದ ಮಕ್ಕಳನ್ನು ಎತ್ತಿಕೊಂಡು ಪರವೂರಿನವರು ಬರುತ್ತಾರೆ. "ಪಾಪ, ಹುಟ್ಟುಮೂಗಿಯಂತೆ" ಎಂದು ಲೊಚಗುಟ್ಟುತ್ತಾರೆ. ಹಗ್ಗ ಯಾಕೆಂದು ಮಾತ್ರ ಒಬ್ಬರೂ ಕೇಳುವುದಿಲ್ಲ.

ಹಿಂದೆ ಒಮ್ಮೆ ಈ ಊರಿನಲ್ಲಿ ಫಕ್ಕೀರವ್ವ ಎಂಬ ಸೊಸೆ ಇದ್ದಳು. ಅವಳು ಬಾಯಿ ತೆರೆದರೆ ಮಾಳಿಗೆಯ ಮೇಲಿನ ಕಾಗೆಗಳು ಜಾಗ ಬಿಡುತ್ತಿದ್ದವು ಎನ್ನುತ್ತಾರೆ. ಅವಳಿಗೆ ಎದೆಹಾಲು ಬತ್ತಿತ್ತು; ಹತ್ತು ತಿಂಗಳ ಕೂಸು ಮನೆಯ ಒಂದೇ ಎಮ್ಮೆಯ ಹಾಲಿನ ಮೇಲೆ ಬದುಕಿತ್ತು. ಒಂದು ಮುಂಜಾನೆ ಎಮ್ಮೆ ಕಟ್ಟುವ ಪುಂಡಿನಾರಿನ ಹೊಸ ಹಗ್ಗ ಕಾಣೆಯಾಯಿತು. ಫಕ್ಕೀರವ್ವ ಎಮ್ಮೆಯನ್ನು ಕಟ್ಟದೆ ಹಾಗೆಯೇ ಬಿಟ್ಟು, ನೆರೆಮನೆಯ ಬಸಲಿಂಗವ್ವನ ಬಾಗಿಲಿಗೆ ಹೋಗಿ ಜಗಳಕ್ಕೆ ನಿಂತಳು. ಬಸಲಿಂಗವ್ವ ಏಳು ದೇವರ ಆಣೆ ಮಾಡಿದಳು, ಇವಳು ಎಂಟನೆಯದನ್ನು ಕೇಳಿದಳು. ಅಷ್ಟರಲ್ಲಿ ಎಮ್ಮೆ ಹಸಿ ಅಲಸಂದಿ ಹೊಲಕ್ಕೆ ನುಗ್ಗಿ ಮೂಗಿನವರೆಗೆ ಮೇಯ್ದಿತ್ತು. ಇವಳು ಮನೆಗೆ ಬರುವ ವೇಳೆಗೆ ಅದರ ಹೊಟ್ಟೆ ಡೊಳ್ಳಿನಂತೆ ಉಬ್ಬಿ, ಕಣ್ಣು ಮೇಲಾಗಿದ್ದವು.

ದನಗಳಿಗೆ ಬೇರು, ಸೊಪ್ಪು ಅರೆದು ಕೊಡುತ್ತಿದ್ದ ಹುಚ್ಚೀರಜ್ಜನನ್ನು ಕರೆತಂದರು. ಬೇರಿಗಾಗಿ ಗುಡ್ಡ ಹತ್ತಲು ಅಜ್ಜನ ಮೊಣಕಾಲಲ್ಲಿ ಬಲವಿರಲಿಲ್ಲ. "ಬನ್ನಿಗಿಡದ ಬುಡಕ ಈಶ್ವರಿ ಬಳ್ಳಿ ಐತಿ, ಬೇರು ತರಬೇಕು. ಎಮ್ಮಿ ಹಿಂಡೂ ಕೈನ ಅದನ್ನ ಕೀಳಬೇಕು. ಔಷಧ ಎಮ್ಮಿ ಹೊಟ್ಟ್ಯಾಗ ಇಳಿಯೂತನಕಾ ಬಾಯಿ ತೆರದ್ರ, ಬೇರು ಬರೇ ಕಟ್ಟಿಗಿ ನೋಡವಾ" ಎಂದ. ಅತ್ತೆ ಹಣೆ ಬಡಿದುಕೊಂಡಳು: "ಹಂಗಾದ್ರ ಎಮ್ಮಿ ಆಸೆ ಬಿಡ್ರಿ."

ಫಕ್ಕೀರವ್ವ ತುಟಿ ಬಿಗಿದು ಹೊರಟಳು. ಸುದ್ದಿ ಅವಳಿಗಿಂತ ಮುಂದೆ ಓಡಿತ್ತು. ಊರ ಅಗಸಿಯ ಬಾಗಿಲಲ್ಲಿ ಬಸಲಿಂಗವ್ವ ಸೊಂಟಕ್ಕೆ ಕೈಯಿಟ್ಟು ಕಾದಿದ್ದಳು. "ಹೌದ ನಮ್ಮವ್ವಾ, ಹಗ್ಗ ನಾನ ತಗೊಂಡೀನಿ! ನಮ್ಮ ಕೋಣಕ್ಕ ಬಾಳ ಚಂದ ಒಪ್ಪೇತಿ. ಈಗ ಬೈ ನೋಡೂಣು!" ಊರೇ ಉಸಿರು ಹಿಡಿಯಿತು. ಫಕ್ಕೀರವ್ವನ ಮುಖ ಕೆಂಡವಾಯಿತು, ಬಾಯಿ ಅರ್ಧ ತೆರೆಯಿತು. ಹಿಂದಿನಿಂದ ಕೂಸು ಅಳುವುದು ಕೇಳಿತು. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡು ಒಂದೇ ಉಸಿರಿಗೆ ಗುಡ್ಡ ಹತ್ತಿದಳು. ಅಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಬಳೆಗಾರನೊಬ್ಬ ದಾರಿ ಕೇಳಿದ್ದಕ್ಕೆ ಕೈಸನ್ನೆ ಮಾಡಿದಳು. ಅವನು ಮರುಗಿ, ಗುಡ್ಡದಲ್ಲಿ ಒಬ್ಬ ಮೂಗವ್ವ ಇದ್ದಾಳೆಂದು ಹೋದ ಹೋದ ಸಂತೆಯಲ್ಲಿ ಬಿತ್ತಿದ. ಬಳೆಗಾರ ಬಿತ್ತಿದ್ದನ್ನು ಕೀಳುವ ಗುದ್ದಲಿ ಇನ್ನೂ ಹುಟ್ಟಿಲ್ಲ.

ಅವಳು ಕಿತ್ತು ತಂದ ಬೇರನ್ನು ಅರೆದು, ಓಮದ ಕಷಾಯಕ್ಕೆ ಬೆರೆಸಿ, ಬಿದಿರಿನ ಗೊಟ್ಟದಿಂದ ಎಮ್ಮೆಯ ಗಂಟಲಿಗೆ ಇಳಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಮ್ಮೆ ಮುಂದಿನಿಂದ ತೇಗಿತು, ಹಿಂದಿನಿಂದಲೂ ಉತ್ತರ ಕೊಟ್ಟಿತು. ಬಾಲದ ಕಡೆ ನಿಂತಿದ್ದ ಊರಗೌಡನ ತಲೆಯ ಪಟಗ ಹಾರಿತು ಎನ್ನುತ್ತಾರೆ. ಅಜ್ಜ, "ಇನ್ನ ಮಾತಾಡವಾ" ಎಂದ. ಜನ ಕಿವಿ ಮುಚ್ಚಿಕೊಂಡರು. ಫಕ್ಕೀರವ್ವ ಬಾಯಿಂದ ಸೆರಗು ತೆಗೆದು, ಬಸಲಿಂಗವ್ವನತ್ತ ತಿರುಗಿ, ಮೆಲ್ಲಗೆ ಹೇಳಿದಳು: "ಹಗ್ಗ ಕೊಡು. ಎಮ್ಮಿ ಕಟ್ಟಬೇಕು." ಕಳ್ಳತನವನ್ನು ತನ್ನ ಬಾಯಿಂದಲೇ ಊರಿಗೆ ಸಾರಿದ್ದ ಬಸಲಿಂಗವ್ವ ತಲೆ ತಗ್ಗಿಸಿ ಹಗ್ಗ ತಂದುಕೊಟ್ಟಳು.

ಮಾತಿಗೂ ಬೇರಿಗೂ ಏನು ಸಂಬಂಧವೆಂದು ಆಮೇಲೆ ಯಾರೋ ಕೇಳಿದರಂತೆ. "ಬೇರಿಗೇನು ಕಿವಿ ಅದಾವೇನೋ? ಅಗಸ್ಯಾಗ ಜಗಳಕ್ಕ ನಿಂತಿದ್ರ, ಬರೂದ್ರಾಗ ಎಮ್ಮಿ ಸತ್ತಿರತಿತ್ತು" ಎಂದನಂತೆ ಅಜ್ಜ.

ಎಮ್ಮೆ ಮುದಿಯಾಗಿ ಸತ್ತ ಮೇಲೆ ಫಕ್ಕೀರವ್ವ ಆ ಹಗ್ಗವನ್ನು ಬನ್ನಿಮರಕ್ಕೆ ಸುತ್ತಿದಳು. ಅದು ಸವೆದಾಗಲೆಲ್ಲ ಹೊಸದನ್ನು ಸುತ್ತುವ ಪಾಳಿ ಇಂದಿಗೂ ಬಸಲಿಂಗವ್ವನ ಮನೆತನದ್ದೇ. ದನಕ್ಕೆ ಜಡ್ಡಾದರೆ ನಮ್ಮ ಹೆಂಗಸರು ಈಗಲೂ ಸೆರಗು ಕಚ್ಚಿಯೇ ಗುಡ್ಡ ಹತ್ತುತ್ತಾರೆ. ಪರವೂರಿನವರು "ಪಾಪ, ಮೂಗಿ" ಎಂದು ಕೈಮುಗಿಯುವಾಗಲೂ ನಮ್ಮವರು ಸೆರಗು ಕಚ್ಚುತ್ತಾರೆ, ಭುಜ ಕುಲುಕುತ್ತಿರುತ್ತವೆ. ಆಗ ಯಾವ ದನಕ್ಕೂ ಜಡ್ಡಾಗಿರುವುದಿಲ್ಲ.